ಕಥೆ ಕೇಳಿದ ಲಿವರ್ ಕೋಶಗಳು

ನಾನು ಇಲ್ಲಿಯವರೆಗೆ ತೊಳೆದಿರುವ ಗಾಜಿನ ಬಾಟಲಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನನ್ನು ಮುಟ್ಟಿ, ಇನ್ನೂ ನಾಲ್ಕು ಕ್ರೇಟು ಮಿಗುತ್ತವೆ. ಇದನ್ನು ನಾನೇ ಲೆಕ್ಕ ಹಾಕಿದ್ದು. ಆದರೆ ನಮ್ಮ ಲ್ಯಾಬಿನಲ್ಲಿ ಒಬ್ಬರೂ ನಂಬುವುದಿಲ್ಲ. ನನ್ನ ಬಾಯಿಂದ ಬರುವ ಪ್ರತಿ ಸಂಖ್ಯೆಗೂ ಒಂದು ಸೊನ್ನೆ ಜಾಸ್ತಿ ಅಂಟಿಕೊಂಡಿರುತ್ತದೆ ಎಂಬ ಅಪವಾದ ಹೊರಿಸಿ, ನನಗೆ ಸೊನ್ನೆಯಣ್ಣ ಎಂದು ಹೆಸರಿಟ್ಟಿದ್ದಾರೆ. ನಾನು ನೂರು ಎಂದರೆ ಹತ್ತು ಎಂದು ತಿಳಿಯುತ್ತಾರೆ, ಹತ್ತು ಎಂದರೆ ಒಂದು. ಮನೆಯಲ್ಲಿ ಹೆಂಡತಿಯೂ ಇದೇ ಶಾಸ್ತ್ರ ಓದಿದವಳು. ಮದುವೆಗೆ ಮುಂಚೆ ಒಮ್ಮೆ, "ನಿನ್ನ ನೋಡೋಕೆ ನೂರು ಮೈಲಿ ನಡೆದು ಬಂದೆ" ಎಂದಿದ್ದೆ. "ಹತ್ತು ಮೈಲೀನೂ ಕಮ್ಮಿ ಏನಲ್ಲ, ಕೂತ್ಕೊಳ್ಳಿ" ಎಂದಿದ್ದಳು.

ಇಂಥ ನಾನು ಮೂರು ವರ್ಷದ ಒಂದು ಸಂಶೋಧನೆಯನ್ನು ಮುಳುಗಿಸಿ, ಮತ್ತೆ ನಾನೇ ಎತ್ತಿದ ಕಥೆ ಇದು.

ನಮ್ಮ ಮೇಡಂ ಜೀವರಸಾಯನ ವಿಜ್ಞಾನಿ. ಜೋರು ಗಾಳಿ ಬಂದರೆ ಬಾಗಿಲ ಚಿಲಕ ಹಿಡಿದು ನಿಲ್ಲಬೇಕು, ಅಷ್ಟು ಸಣಕಲು. ತಲೆ ಮಾತ್ರ ನಮ್ಮ ಮೂರು ಮಹಡಿಗೂ ಸಾಕಾಗಿ ಉಳಿಯುವಷ್ಟು. ಅವರು ಸಾಕುವುದು ಲಿವರಿನ ಜೀವಕೋಶಗಳನ್ನು. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆಗಳಲ್ಲಿ, ಕೆಂಪು ನೀರಿನಂಥ ಪೋಷಕ ದ್ರವದಲ್ಲಿ, ಮೈಬಿಸಿಯಷ್ಟೇ ಬೆಚ್ಚಗಿರುವ ಇನ್‌ಕ್ಯುಬೇಟರಿನೊಳಗೆ ಅವು ಬೆಳೆಯುತ್ತವೆ. ಅರಸರ ಮಕ್ಕಳನ್ನೂ ಯಾರೂ ಹಾಗೆ ಸಾಕಿರಲಿಕ್ಕಿಲ್ಲ. ಪ್ರತಿ ಕೋಶದೊಳಗೂ ಪ್ರೋಟೀನುಗಳನ್ನು ಮಡಚಿಡುವ ಒಂದು ಕೋಣೆ ಇದೆಯಂತೆ, ನಾವು ಒಗೆದ ಬಟ್ಟೆ ಮಡಚಿಡುವ ಹಾಗೆ. ಕೊಬ್ಬು ವಿಪರೀತವಾದರೆ ಮಡಿಕೆ ತಪ್ಪುತ್ತದೆ, ರಾಶಿ ಬೀಳುತ್ತದೆ, ಕೋಶ ಒತ್ತಡ ತಾಳದೆ ಗಂಟೆ ಬಾರಿಸುತ್ತದೆ. ಆ ಗಂಟೆ ಮೇಡಂ ಅವರ ಯಂತ್ರದ ಪರದೆಯ ಮೇಲೆ ಒಂದು ಕಪ್ಪು ಗೆರೆಯಾಗಿ ಕಾಣುತ್ತದೆ. ಲಿವರ್ ಕೆಡುವುದಕ್ಕೆ ಬಹಳ ಮೊದಲೇ ಈ ಗಂಟೆ ಹೊಡೆಯುತ್ತದೆ, ಅದನ್ನು ಕೇಳಿಸಿಕೊಂಡರೆ ರೋಗವನ್ನು ಹೊಸ್ತಿಲಲ್ಲೇ ತಡೆಯಬಹುದು. ಇದು ಮೇಡಂ ಮೂರು ವರ್ಷ ಕೂತು ಕಂಡುಕೊಂಡದ್ದು. ಇದಕ್ಕೆ ನಾನು ಸೊನ್ನೆ ಸೇರಿಸಿಲ್ಲ.

ಕೊಬ್ಬು ಉಣಿಸಿದ ತಟ್ಟೆಗಳಿಗೆ ಕೆಂಪು ಪಟ್ಟಿ, ಉಣಿಸದ ಸಾದಾ ತಟ್ಟೆಗಳಿಗೆ ನೀಲಿ ಪಟ್ಟಿ. ಪ್ರತಿ ಸೋಮವಾರ ಇನ್‌ಕ್ಯುಬೇಟರಿನಿಂದ ಅವನ್ನು ತೆಗೆದು, ಉದ್ದ ಓಣಿಯ ಆ ತುದಿಯಲ್ಲಿರುವ ಮೇಡಂ ಕೋಣೆಗೆ ಒಯ್ಯುವುದು ನನ್ನ ಕೆಲಸ. ಮೊದಲು ಕೆಂಪು ಟ್ರೇ, ಆಮೇಲೆ ನೀಲಿ. ಕೆಂಪಿಗೆ ಕಪ್ಪು ಗೆರೆ ಬರಬೇಕು, ನೀಲಿಗೆ ಬರಬಾರದು. ಹಾಗೆಯೇ ಬರುತ್ತಿತ್ತು. ಪ್ರಬಂಧ ಬರೆದು ಕಳಿಸಿದ್ದಾಯಿತು, ದೊಡ್ಡ ವಿಜ್ಞಾನ ಪತ್ರಿಕೆಯವರು ಒಪ್ಪಿದ್ದೂ ಆಯಿತು. ಅಚ್ಚಾಗುವ ಮುಂಚೆ ಇನ್ನೊಂದಷ್ಟು ಸಲ ಮಾಡಿ ನೋಡೋಣ ಎಂದು ಮೇಡಂ ಹೊರಟರು. ಅಲ್ಲಿಂದ ಶುರುವಾಯಿತು ಗ್ರಹಚಾರ. ಮೂರು ತಿಂಗಳಿಂದ ಪ್ರತಿ ವಾರವೂ ನೀಲಿ ಪಟ್ಟಿಯ ಕೋಶಗಳು ಕೂಡ ಗಂಟೆ ಬಾರಿಸತೊಡಗಿದವು. ಕೊಬ್ಬು ಮೂಸಿಯೂ ನೋಡದ ಕೋಶಗಳೇ ಹೀಗೆ ಬೊಬ್ಬೆ ಹೊಡೆದರೆ, ಕೊಬ್ಬಿನದೇನು ತಪ್ಪು?

ಆ ಸೋಮವಾರ ಸಂಜೆ ಮೇಡಂ ಪರದೆಯ ಮುಂದೆ ಕೆನ್ನೆಗೆ ಕೈಯಿಟ್ಟು ಕೂತಿದ್ದರು.

"ಸೊನ್ನೆಯಣ್ಣ, ಶುಕ್ರವಾರ ಪತ್ರಿಕೆಯವರಿಗೆ ಬರೆದುಬಿಡ್ತೀನಿ. ಪ್ರಬಂಧ ವಾಪಸ್ ತಗೋತೀನಿ ಅಂತ."

"ಮೂರು ವರ್ಷ ಮೇಡಂ."

"ತಪ್ಪು ಅಂತ ಗೊತ್ತಾದ ಮೇಲೆ ಮೂರು ವರ್ಷ ಆದ್ರೇನು, ಮೂರು ದಿನ ಆದ್ರೇನು. ಅದನ್ನ ನಂಬ್ಕೊಂಡು ನಾಳೆ ಯಾರೋ ರೋಗಿಗೆ ಔಷಧಿ ಮಾಡೋಕೆ ಹೊರಟ್ರೆ?"

ಅವರು ಅಳಲಿಲ್ಲ. ಪೆನ್ನುಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸತೊಡಗಿದರು. ಅದು ಅಳುವುದಕ್ಕಿಂತ ಕೆಟ್ಟದಾಗಿತ್ತು.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿದೆ. ಅವಳು ಮಂಚದ ಮೇಲೆ ಬಟ್ಟೆ ಮಡಚುತ್ತಿದ್ದಳು.

"ಯಾವಾಗಿಂದ ಹೀಗೆ?"

"ಮೂರು ತಿಂಗಳಿಂದ."

ಅವಳ ಕೈ ನಿಂತಿತು. "ನನ್ನ ತಮ್ಮ ಗುರುವಾರ ಬಿಟ್ಟು ಸೋಮವಾರ ಸಿಲಿಂಡರ್ ತರೋಕೆ ಶುರು ಮಾಡಿದ್ದೂ ಮೂರು ತಿಂಗಳಿಂದಲೇ ಅಲ್ವಾ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ನನಗೇನು ಗೊತ್ತು. ಸೋಮವಾರ ಬಂತು ಅಂದ್ರೆ ಗಂಟಲು ಕಟ್ಟಿಸ್ಕೊಂಡು ಮನೆಗೆ ಬರ್ತೀರಿ. ಅಷ್ಟೇ ಗೊತ್ತು."

ನನ್ನ ಕೈಯಲ್ಲಿದ್ದ ಟೀ ಅಲ್ಲೇ ಮಂಜುಗಡ್ಡೆಯಾಯಿತು. ನನ್ನ ಬಾಮೈದ ಇನ್‌ಕ್ಯುಬೇಟರಿಗೆ ಬೇಕಾದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹೊತ್ತು ತರುವವನು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತಾನೆ. ಆ ಹೊತ್ತಿಗೆ ನಾನು ಕೆಂಪು ಟ್ರೇ ಮುಟ್ಟಿಸಿ, ನೀಲಿ ಟ್ರೇ ಹಿಡಿದು ಓಣಿಯಲ್ಲಿರುತ್ತೇನೆ. ಅವನನ್ನು ಕಂಡರೆ ನನ್ನ ನಾಲಿಗೆಗೆ ರೆಕ್ಕೆ ಬರುತ್ತದೆ, ಯಾಕೆಂದರೆ ಈ ಭೂಮಿಯ ಮೇಲೆ ನನ್ನ ಮಾತಿನಿಂದ ಸೊನ್ನೆ ಕಳೆಯದೆ ಕೇಳುವವನು ಅವನೊಬ್ಬನೇ. ಕಥೆ ಹೇಳಲು ನನಗೆ ಎರಡೂ ಕೈ ಬೇಕು. ಆದ್ದರಿಂದ ಟ್ರೇಯನ್ನು ಕಿಟಕಿಯ ಕಲ್ಲಿನ ಮೇಲೆ ಇಡುತ್ತೇನೆ. ಚಳಿಗಾಲದ ಕಿಟಕಿ, ಹೊರಗಿನ ಗಾಳಿ.

ಮಂಗಳವಾರ ಬೆಳಿಗ್ಗೆ ಮೇಡಂ ಎದುರು ನಿಂತು ಎಲ್ಲ ಒಪ್ಪಿಕೊಂಡೆ.

"ಎಷ್ಟು ಹೊತ್ತು ಇಟ್ಟಿರ್ತೀರಿ?"

"ಇಪ್ಪತ್ತೆರಡು ನಿಮಿಷ."

ಮೇಡಂ ಸುಸ್ತಾದ ನಗೆ ನಕ್ಕರು. "ಅಂದ್ರೆ ಎರಡು ನಿಮಿಷ ಚಿಲ್ರೆ. ಅಷ್ಟಕ್ಕೆಲ್ಲ ಏನೂ ಆಗಲ್ಲ, ಬಿಡಿ."

"ಮೇಡಂ, ಈ ಸಲ ಸೊನ್ನೆ ಕಳೀಬೇಡಿ. ಎದುರಿಗೇ ಗೋಡೆ ಗಡಿಯಾರ ಇದೆ. ಹತ್ತಕ್ಕೆ ಶುರು ಮಾಡ್ತೀನಿ. ಹತ್ತೂ ಇಪ್ಪತ್ತೆರಡಕ್ಕೆ ಅವನು ಗಾಡಿ ಅಡ್ಡ ನಿಲ್ಸಿದ್ದೀನಿ ಅಂತ ಓಡ್ತಾನೆ."

"ನನ್ನ ಸಮಾಧಾನಕ್ಕೆ ತಪ್ಪು ಮೈಮೇಲೆ ಹಾಕ್ಕೊಳ್ತಿದ್ದೀರಿ. ನಿಮ್ಮ ಮನಸ್ಸು ದೊಡ್ಡದು."

ಜೀವಮಾನದಲ್ಲಿ ಮೊದಲ ಸಲ ನಾನು ನಿಜವಾದ ಸಂಖ್ಯೆ ಹೇಳಿದ್ದೆ. ಅದಕ್ಕೆ ಸಿಕ್ಕಿದ್ದು ದೊಡ್ಡ ಮನಸ್ಸಿನವನೆಂಬ ಸರ್ಟಿಫಿಕೇಟು. ಏನು ಮಾಡುವುದೆಂದು ತೋಚದೆ, "ಹಾಗಾದ್ರೆ ಇಟ್ಟು ನೋಡಿ" ಎಂದೆ. "ಅದೇ ಕಿಟಕಿ, ಅದೇ ಕಥೆ. ನೀವೇ ಗಡಿಯಾರ ಹಿಡ್ಕೊಳ್ಳಿ."

ಮೇಡಂ ನನ್ನನ್ನೇ ನೋಡಿದರು. ನೋಡುತ್ತಾ ನೋಡುತ್ತಾ ಅವರ ಬೆನ್ನು ನೆಟ್ಟಗಾಯಿತು. ಇನ್‌ಕ್ಯುಬೇಟರಿನಲ್ಲಿ ಆರು ಸಾದಾ ತಟ್ಟೆಗಳಿದ್ದವು. ಮೂರನ್ನು ಅವರೇ ನೇರವಾಗಿ ಕೋಣೆಗೆ ಒಯ್ದರು. ಮೂರನ್ನು ನಾನು ಕಿಟಕಿಯ ಕಲ್ಲಿನ ಮೇಲೆ ಇಡಬೇಕು. ಆದರೆ ಕೇಳುವವನಿಲ್ಲದೆ ನನಗೆ ಕಥೆ ಬರುವುದಿಲ್ಲ. ಬಾಮೈದನಿಗೆ ಫೋನ್ ಹೋಯಿತು. ಖಾಲಿ ಕೈಯಲ್ಲಿ ಓಡಿ ಬಂದ.

"ಏನ್ ಭಾವ, ಮಂಗಳವಾರಾನೂ ಶುರುನಾ? ಯಾವುದು, ಫ್ರೀಜರ್ ಕೆಟ್ಟಿದ್ದ ದಿನದ್ದಾ?"

"ಅದೇ. ಕೇಳು. ಆರುನೂರು ಕಿಲೋ ಮಂಜುಗಡ್ಡೆ, ಒಬ್ಬನೇ ನಾನು, ಮೂರು ಮಹಡಿ..."

"ನಿಲ್ಸಿ" ಎಂದರು ಮೇಡಂ. "ನಿನ್ನೆ ಎಷ್ಟು ಕಿಲೋ ಹೇಳಿದ್ರಿ?"

"ನಿನ್ನೆ ನಾನೂರು ಇತ್ತು" ಎಂದ ಬಾಮೈದ.

"ಹಾಗಾದ್ರೆ ನಾನೂರೇ ಇರ್ಲಿ. ಏನೂ ಬದಲಾಯಿಸ್ಬಾರ್ದು. ಪ್ರಯೋಗ ಇದು."

ನಾನೂರು ಕಿಲೋ ಹೊತ್ತೆ. ಮೆಟ್ಟಿಲು ಬಿರುಕು ಬಿಟ್ಟಿತು, ಬಿಡಿಸಿದೆ. ನನ್ನ ಬೆವರು ಹೆಪ್ಪುಗಟ್ಟಿ ಅಂಗಿಯಿಂದ ಗಾಜಿನಂತೆ ಉದುರಿತು, ಉದುರಿಸಿದೆ. ವಿಜ್ಞಾನಿಯೊಬ್ಬರು ಗಡಿಯಾರ ಹಿಡಿದು, ಒಂದು ಸುಳ್ಳೂ ತಪ್ಪಿಸಬೇಡಿ ಎನ್ನುವ ಮುಖ ಮಾಡಿಕೊಂಡು ಎದುರಿಗೆ ಕೂತ ಮರ್ಯಾದೆ ಯಾವ ಕಥೆಗಾರನಿಗೂ ಸಿಕ್ಕಿರಲಾರದು. ಅರ್ಧ ದಾರಿಗೆ ಬಂದಾಗ ಮೇಡಂ ಕಣ್ಣು ನನ್ನ ಮೇಲಿಂದ ಜಾರಿ ಕಿಟಕಿಗೆ ಹೋಯಿತು. ಇನ್‌ಕ್ಯುಬೇಟರಿನ ಕಾರ್ಬನ್ ಡೈಆಕ್ಸೈಡ್ ಸಿಗದೆ ತಟ್ಟೆಗಳ ಕೆಂಪು ದ್ರವ ನಿಧಾನವಾಗಿ ನೇರಳೆಗೆ ತಿರುಗುತ್ತಿತ್ತು. ಆ ಬಣ್ಣವನ್ನು ಪ್ರತಿ ಸೋಮವಾರವೂ ನಾನು ನೋಡಿದ್ದೆ. ನೀಲಿ ಪಟ್ಟಿಯವಕ್ಕೆ ಇದೇ ಬಣ್ಣ ಇರಬೇಕು ಅಂದುಕೊಂಡಿದ್ದೆ. ಮೇಡಂ ಕೋಣೆ ಸೇರಿದ ಕೂಡಲೇ ದ್ರವ ಚೆಲ್ಲಿ ತಟ್ಟೆಗಳನ್ನು ಮಂಜುಗಡ್ಡೆಯ ಮೇಲೆ ಇಡುವುದೂ ನಾನೇ, ಹಾಗಾಗಿ ಅವರ ಕಣ್ಣಿಗೆ ಅದು ಒಮ್ಮೆಯೂ ಬಿದ್ದಿರಲಿಲ್ಲ.

ಬಾಮೈದ ಕೈಗಡಿಯಾರ ನೋಡಿಕೊಂಡ. "ಭಾವ, ಗಾಡಿ ಅಡ್ಡ ನಿಲ್ಸಿದ್ದೀನಿ."

ಮೇಡಂ ಗಡಿಯಾರ ಒತ್ತಿದರು. ಇಪ್ಪತ್ತೆರಡು ನಿಮಿಷ, ಹತ್ತು ಸೆಕೆಂಡು. ಆ ಹತ್ತು ಸೆಕೆಂಡು ಮೇಡಂ ಮಧ್ಯೆ ಬಾಯಿ ಹಾಕಿದ್ದಕ್ಕೆ.

ಮುಂದಿನ ಎರಡು ದಿನ ನಾನು ಮಾತಾಡಲಿಲ್ಲ. ನಾನು ಹುಷಾರು ತಪ್ಪಿದ್ದೇನೆಂದು ಲ್ಯಾಬಿನವರು ಮೂರು ಸಲ ಹಣೆ ಮುಟ್ಟಿ ನೋಡಿದರು. ಮನೆಯಲ್ಲಿ ಹೆಂಡತಿ, "ಇಷ್ಟು ಸುಮ್ನಿದ್ರೆ ನನಗೆ ಭಯ ಆಗುತ್ತೆ, ಏನಾದ್ರೂ ಒಂದು ಸುಳ್ಳು ಹೇಳಿ" ಎಂದು ಅಂಗಲಾಚಿದಳು. ಕಿಟಕಿ ಅಲ್ಲದೆ ಬೇರೇನೋ ಕಾರಣವಿದ್ದರೆ? ಪತ್ರಿಕೆಯವರಿಗೆ ಕಳಿಸಬೇಕಾದ ಆ ಪತ್ರವನ್ನು ಮೇಡಂ ಮೇಜಿನ ಮೇಲೆ ಬರೆದಿಟ್ಟಿದ್ದು ಕಂಡಿತ್ತು. ಸಹಿಯೊಂದು ಬಾಕಿ.

ಗುರುವಾರ ಮಧ್ಯಾಹ್ನ ಪರದೆ ಬೆಳಗಿತು. ಎಡಗಡೆ ಮೂರು ಮನೆ, ನೇರವಾಗಿ ಬಂದ ಕೋಶಗಳು. ಖಾಲಿ. ನಿದ್ದೆ ಹೋದ ಮಗುವಿನ ಹಣೆಯಂತೆ ಖಾಲಿ. ಬಲಗಡೆ ಮೂರು ಮನೆ, ನನ್ನ ಕಥೆ ಕೇಳಿದ ಕೋಶಗಳು. ದಪ್ಪ ಕಪ್ಪು ಗೆರೆ, ಮೂರಕ್ಕೆ ಮೂರು.

ಮೇಡಂ ಉಸಿರು ಬಿಟ್ಟರು. ಮೂರು ತಿಂಗಳಿಂದ ಹಿಡಿದಿಟ್ಟ ಉಸಿರು ಅದು. ಮೇಜಿನ ಮೇಲಿದ್ದ ಪತ್ರ ಹಾರಿ ಕೆಳಗೆ ಬಿತ್ತು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಕಿಟಕಿ ತೆರೆದಿತ್ತು ಎನ್ನುವವರು ಏನಾದರೂ ಅಂದುಕೊಳ್ಳಲಿ.

"ಕೋಶಗಳದ್ದು ತಪ್ಪಿಲ್ಲ" ಎಂದರು ಮೆಲ್ಲಗೆ. "ಕೊಬ್ಬಿನದೇ. ಸರಿಯಾಗೇ ಇತ್ತು. ಮೊದಲಿಂದ ಸರಿಯಾಗೇ ಇತ್ತು."

"ಕ್ಷಮಿಸಿ ಮೇಡಂ. ನನ್ನಿಂದ ಮೂರು ತಿಂಗಳು..."

"ಸೊನ್ನೆಯಣ್ಣ, ನಿಮ್ಮ ಕಥೆ ಒಂದು ಲಿವರಿಗೆ ಇಷ್ಟು ಒತ್ತಡ ಕೊಡುತ್ತೆ ಅಂದ್ರೆ, ನಿಮ್ಮ ಹೆಂಡ್ತಿ ಲಿವರನ್ನ ಒಂದ್ಸಲ ಪರೀಕ್ಷೆ ಮಾಡಿಸ್ಬೇಕು."

ಹಾಗೆಂದವರೇ ನಗಲು ಶುರುಮಾಡಿದರು. ನಗುತ್ತಲೇ ಪತ್ರ ಎತ್ತಿಕೊಂಡು ನಾಲ್ಕು ತುಂಡು ಮಾಡಿದರು. ನಗುತ್ತಲೇ ನೋಟ್‌ಬುಕ್ಕಿನಲ್ಲಿ ಬರೆದರು: ಸಾದಾ ತಟ್ಟೆಗಳು, ಓಣಿಯ ಕಿಟಕಿಯಲ್ಲಿ, ಇಪ್ಪತ್ತೆರಡು ನಿಮಿಷ. ಬಗ್ಗಿ ನೋಡಿದೆ. ಸಂಖ್ಯೆ ಪೂರ್ತಿ ಇತ್ತು. ಇನ್ನು ಮುಂದೆ ಟ್ರೇ ಕೋಣೆ ಸೇರುವವರೆಗೆ ನಾನು ಬಾಯಿ ತೆರೆಯುವಂತಿಲ್ಲ, ತೆರೆಯಬೇಕಾದರೆ ಕೈ ಖಾಲಿ ಇರಬೇಕು ಎಂಬ ಕಾನೂನೂ ಅಲ್ಲೇ ಜಾರಿಯಾಯಿತು.

ಸಂಜೆ ಮನೆಗೆ ಹೋದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಿಯೇ ಅವಳ ಭುಜ ಸಡಿಲವಾಯಿತು.

"ಮೇಡಂ ಏನಂದ್ರು?"

"ನಕ್ಕರು. ಎರಡು ಗಂಟೆ ಬಿಡದೆ ನಕ್ಕರು."

"ಅಂದ್ರೆ ಹನ್ನೆರಡು ನಿಮಿಷ" ಎಂದಳು ಅವಳು, ಟೀ ಲೋಟ ಕೈಗೆ ಕೊಡುತ್ತಾ.

ನಾನು ಟೀ ಕುಡಿದೆ. ಮೇಡಂ ನಗುತ್ತಿದ್ದಾಗ ಲ್ಯಾಬಿನ ಗೋಡೆ ಗಡಿಯಾರ ನೋಡಿಕೊಂಡಿದ್ದೆ. ಸರಿಯಾಗಿ ಹನ್ನೆರಡೇ ನಿಮಿಷ.