ಕ್ಯಾರಿಯರ್ ಇಲ್ಲದ ಸೈಕಲ್

"ಕ್ಯಾರಿಯರ್ ಎಲ್ಲಿ?" ಎಂದು ಲ್ಯಾಬಣ್ಣ ಸೈಕಲ್ಲಿಗೆ ಒಂದು ಸುತ್ತು ಹಾಕಿ ಕೇಳಿದ, ಯಾರೋ ಅದನ್ನು ಬಿಚ್ಚಿಕೊಂಡು ಹೋಗಿದ್ದಾರೆ ಎನ್ನುವ ಧಾಟಿಯಲ್ಲಿ.

"ಇದಕ್ಕೆ ಬರಲ್ಲ ಸರ್. ಇದು ಹೈಬ್ರಿಡ್ಡು," ಎಂದಳು ಅಂಗಡಿಯಾಕೆ. "ರೇಸ್ ಸೈಕಲ್ ಥರ ಓಡುತ್ತೆ, ಗುಂಡಿ ಬಿದ್ದ ರಸ್ತೇನೂ ತಡ್ಕೊಳುತ್ತೆ. ವ್ಯಾಯಾಮನೂ ಆಯ್ತು, ಡ್ಯೂಟಿಗೆ ಹೋದ ಹಾಗೂ ಆಯ್ತು. ಅಷ್ಟಕ್ಕೂ ಹಿಂದೆ ಏನ್ ಹೇರ್ಕೊಂಡು ಹೋಗ್ಬೇಕು ನಿಮಗೆ?"

ಅವನು ಟೈರು ಒತ್ತಿ ನೋಡಿದ. ಬಾಗಿಲ ಹತ್ತಿರ ಅಗ್ಗದವು ಒಂದಕ್ಕೊಂದು ಒರಗಿಕೊಂಡು ನಿಂತಿದ್ದವು. ಮುಟ್ಟಲೂ ಭಯವಾಗುವಂಥ ದುಬಾರಿಯವು ಗೋಡೆಯ ಮೇಲೆ ತೂಗುತ್ತಿದ್ದವು. ಅವನು ಬಂದವನೇ ನೇರ ನಡುವಿನ ಸಾಲಿಗೆ ಹೋಗಿದ್ದ. ಬದುಕಿನಲ್ಲೂ ಅವನು ನಡುವಿನ ಸಾಲಿನವನೇ. ಯಾರ ತಂಟೆಗೂ ಹೋದವನಲ್ಲ, ಯಾರ ಕಣ್ಣಿಗೂ ಬಿದ್ದವನಲ್ಲ.

ಲ್ಯಾಬಣ್ಣ ಎಂಬ ಹೆಸರು ಬಂದದ್ದು ತಂಗಿಯಿಂದ. ಆಸ್ಪತ್ರೆಯ ರಕ್ತ ಪರೀಕ್ಷೆಯ ಕೋಣೆಯಲ್ಲಿ ಇವನು, ಅದೇ ಆಸ್ಪತ್ರೆಯ ಫೋನಿನ ಮುಂದೆ ಅವಳು. ಅವಳು 'ಅಣ್ಣಾ' ಎನ್ನುವುದನ್ನು ಕೇಳಿ ಕೇಳಿ ಇವನಿಗಿಂತ ಹಿರಿಯ ಡಾಕ್ಟರುಗಳೂ ಹಾಗೇ ಕರೆಯತೊಡಗಿದರು. ಅವಳ ಎಡಗಾಲಿಗೆ ಚಿಕ್ಕಂದಿನಿಂದ ಬಲವಿರಲಿಲ್ಲ. ಕೆಲಸಕ್ಕೆ ಸೇರಿದ ದಿನದಿಂದ ಹಳೇ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗಿ ಬರುತ್ತಿದ್ದ. ತಲೆ ನೆರೆತ ಮೇಲೂ ಹಾಗೇ ಹೋಗುತ್ತಿದ್ದುದನ್ನು ನೋಡಿ ವಾಚ್‌ಮನ್ "ಜೋಡೆತ್ತು ಬಂತು" ಎಂದು ಗೇಟು ತೆಗೆಯುತ್ತಿದ್ದ.

ಹೋದ ವರ್ಷ ತಂಗಿ ಮದುವೆಯಾದಳು. ನಲವತ್ತು ದಾಟಿದ ಮೇಲೆ, ಫೋನಿನಲ್ಲೇ ಪರಿಚಯವಾದ ಔಷಧಿ ಕಂಪನಿಯವನನ್ನು ತಾನೇ ಮೆಚ್ಚಿ ಮದುವೆಯಾಗಿ ಬೇರೆ ಊರಿಗೆ ಹೋದಳು. ಗಂಡ ಒಳ್ಳೆಯವನು, ಕಾರೂ ಇದೆ. ಲ್ಯಾಬಣ್ಣನ ಫಜೀತಿ ಶುರುವಾದದ್ದೇ ಅಲ್ಲಿ. ತಂಗಿ ಸುಖವಾಗಿದ್ದರೆ ಅಣ್ಣನಿಗೆ ಸಮಾಧಾನ ಹೇಳಲು ಯಾರು ಬರುತ್ತಾರೆ? "ಜವಾಬ್ದಾರಿ ಕಳೀತಲ್ಲ ಅಣ್ಣ" ಎಂದು ಎಲ್ಲರೂ ಬೆನ್ನು ತಟ್ಟಿದರು. ಅವನೂ ಹೌದೌದು ಎಂದ. ಮನೆಗೆ ಬಂದು ಒಬ್ಬನಿಗೋಸ್ಕರ ಒಲೆ ಹಚ್ಚುತ್ತಿರಲಿಲ್ಲ. ಬಿಸ್ಕತ್ತಿನಲ್ಲೇ ಕಾಲ ಹಾಕಿದ. ಸೈಕಲ್ ಮುಟ್ಟಲು ಮನಸ್ಸಾಗದೆ ಬಸ್ಸು ಹಿಡಿದ. ಮೆಟ್ಟಿಲ ಕೆಳಗೆ ಬಿದ್ದ ಸೈಕಲ್ಲನ್ನು ತುಕ್ಕು ತಿಂದಿತು, ಇವನಿಗೆ ಹೊಟ್ಟೆ ಬಂತು. ಒಂದು ದಿನ ತನ್ನದೇ ಬೆರಳು ಚುಚ್ಚಿ ಪರೀಕ್ಷೆ ಮಾಡಿದರೆ ಸಕ್ಕರೆ ಏರಿತ್ತು. ಯಂತ್ರ ಕೆಟ್ಟಿರಬೇಕೆಂದು ಇನ್ನೊಂದರಲ್ಲಿ ಹಾಕಿದ. ಅದೂ ಅದನ್ನೇ ಹೇಳಿತು. ಸಕ್ಕರೆ ಇಳಿಸಲು ಸೈಕಲ್ ಬೇಕೆಂದು ಅಂಗಡಿಯಾಕೆಗೂ ಹೇಳಿದ್ದ.

"ನೋಡ್ತಾ ನಿಂತ್ರೆ ಗೊತ್ತಾಗಲ್ಲ ಸರ್. ಒಂದು ಸುತ್ತು ಹೊಡ್ಕೊಂಡ್ ಬನ್ನಿ," ಎಂದು ಅಂಗಡಿಯಾಕೆ ಬೂದುಬಣ್ಣದ ಸೈಕಲ್ಲೊಂದನ್ನು ರಸ್ತೆಗಿಳಿಸಿ, ಅವನು ಹತ್ತುವ ತನಕ ಹಿಡಿದುಕೊಂಡಳು.

ಪೆಡಲ್ ಮೇಲೆ ಕಾಲಿಟ್ಟರೆ ಸಾಕು, ಅದು ಮುಂದಕ್ಕೆ ಜಾರುತ್ತಿತ್ತು. ಇಷ್ಟು ಹಗುರದ ಸೈಕಲ್ಲನ್ನು ಅವನು ತುಳಿದವನೇ ಅಲ್ಲ. ಖುಷಿಯಾಗಬೇಕಿತ್ತು, ಆಗಲಿಲ್ಲ. ತಿರುವಿನಲ್ಲಿ ರಸ್ತೆ ಉಬ್ಬು ಕಂಡಿತು. "ಹಂಪ್ ಬಂತು, ಗಟ್ಟಿಯಾಗಿ ಹಿಡ್ಕೋ," ಎಂದಿತು ಬಾಯಿ, ತನ್ನಷ್ಟಕ್ಕೆ. ಬದಿಯಲ್ಲಿ ನಡೆಯುತ್ತಿದ್ದವನೊಬ್ಬ ತಿರುಗಿ ನೋಡಿದ. ಲ್ಯಾಬಣ್ಣ ಕೆಮ್ಮಿದ ಹಾಗೆ ಮಾಡಿ ಮುಂದೆ ಹೋದ.

ಅಂಗಡಿಯ ಮುಂದೆ ಬ್ರೇಕು ಹಿಡಿದು ಎಂದಿನಂತೆ ಬಲಗಾಲನ್ನು ಮುಂದಿನಿಂದ, ಹ್ಯಾಂಡಲ್ಲಿನ ಕಡೆಯಿಂದ ಎತ್ತಿದ. ಇದರ ಸೀಟು ಎತ್ತರ. ಕಾಲು ಬ್ರೇಕಿನ ತಂತಿಗೆ ಸಿಕ್ಕಿಕೊಂಡು ಸೈಕಲ್ ಸಮೇತ ನೆಲಕ್ಕೆ ಬಿದ್ದ.

"ಅಯ್ಯೋ ಸರ್!" ಅಂಗಡಿಯಾಕೆ ಓಡಿ ಬಂದು ಎಬ್ಬಿಸಿದಳು. "ಯಾರಾದ್ರೂ ಮುಂದಿಂದ ಇಳೀತಾರಾ? ಕಾಲನ್ನ ಹಿಂದಿಂದ ತರ್ಬೇಕಲ್ವಾ?"

"ಹಿಂದೆ ತಂಗಿ ಕೂತಿರ್ತಾಳಲ್ಲ," ಎಂದ ಅವನು, ಅಂಗೈ ಒರೆಸಿಕೊಳ್ಳುತ್ತ.

ಆಕೆ ಹಿಂದಿನ ಚಕ್ರ ನೋಡಿದಳು. ಅವನೂ ನೋಡಿದ.

"ಈಗೆಲ್ಲಿದಾರೆ ಅವ್ರು?"

"ಮದುವೆ ಆಯ್ತು. ಚೆನ್ನಾಗಿದಾಳೆ."

ಆಕೆ ಒಳಗೆ ಹೋಗಿ ಬೇರೊಂದು ಸೈಕಲ್ ತಳ್ಳಿಕೊಂಡು ಬಂದಳು. ನಡುವಿನ ಕಂಬಿ ತಗ್ಗಿನದು, ಭಾರದ್ದು, ಹಿಂದೆ ಅಗಲವಾದ ಕ್ಯಾರಿಯರ್. "ಬೆಲೆ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ನಿಮ್ಮ ಸಕ್ಕರೆಗೆ ಅದು ಒಳ್ಳೇದು, ನಿಮ್ಮ ಅಭ್ಯಾಸಕ್ಕೆ ಇದು. ನೀವೇ ಹೇಳಿ."

ಅವನು ಮನಸ್ಸಿನಲ್ಲೇ ಕ್ಯಾರಿಯರ್ ಇರುವುದನ್ನು ಆರಿಸಿಯಾಗಿತ್ತು. ಸುಮ್ಮನೆ ಒಂದು ಮಾತು ಹೇಳೋಣವೆಂದು ತಂಗಿಗೆ ಫೋನ್ ಮಾಡಿದ.

"ಕ್ಯಾರಿಯರ್ ಯಾಕಣ್ಣ?" ಎಂದಳು ಅವಳು. ಹಿಂದೆ ಗಂಡ ಏನೋ ಹಾಡಿಕೊಳ್ಳುತ್ತಿದ್ದ.

"ಇರ್ಲಿ ಅಂತ. ನೀನು ಬಂದಾಗ..."

"ನಾನು ಬಂದ್ರೂ ಅದರ ಮೇಲೆ ಕೂರಲ್ಲ. ಆ ಕ್ಯಾರಿಯರ್ ಮೇಲೆ ಕೂತು ಕೂತು ನನ್ನ ಸೊಂಟ ಬಿದ್ಹೋಗಿತ್ತು ಅಣ್ಣ. ರಾತ್ರಿ ಮಗ್ಗುಲು ಬದಲಾಯ್ಸೋಕೂ ಆಗ್ತಿರ್ಲಿಲ್ಲ."

ಅವನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. "ಒಂದು ಮಾತು ಹೇಳ್ಬಾರ್ದಿತ್ತೇನೇ?"

"ಹೇಳಿದ್ರೆ ನೀನು ನನ್ನ ಬಸ್ ಹತ್ತಿಸ್ಬಿಡ್ತಿದ್ದೆ. ನನಗೆ ಬಸ್ ಬೇಕಿರ್ಲಿಲ್ಲ."

ಆಮೇಲೆ ಅವಳೇ ಮೂಗೆಳೆದುಕೊಂಡು, "ಊಟ ಮಾಡ್ತಿದೀಯ ತಾನೆ?" ಎಂದಳು. "ಹ್ಞೂಂ," ಎಂದ.

ಫೋನು ಜೇಬಿಗೆ ಹಾಕಿ ಬಹಳ ಹೊತ್ತು ಅವನು ಆ ಅಗಲವಾದ ಕ್ಯಾರಿಯರ್ ಮೇಲೆ ಕೈಯಿಟ್ಟುಕೊಂಡು ನಿಂತ. ಕಬ್ಬಿಣದ ಪಟ್ಟಿಗಳು ಗಟ್ಟಿಯಾಗಿದ್ದವು. ಇಷ್ಟು ವರ್ಷ ಅದನ್ನು ಮುಟ್ಟಿ ನೋಡಬೇಕೆಂದು ಅವನಿಗೆ ಒಮ್ಮೆಯೂ ಅನಿಸಿರಲಿಲ್ಲ.

"ಆ ಬೂದುಬಣ್ಣದ್ದೇ ಕೊಡಿ," ಎಂದ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಸೈಕಲ್ ಸ್ಟ್ಯಾಂಡಿಗೆ ಇನ್ನೂ ಯಾರೂ ಬಂದಿರಲಿಲ್ಲ. ಲ್ಯಾಬಣ್ಣ ಕಂಬದ ಪಕ್ಕ ನಿಲ್ಲಿಸಿ ಎಡಗಾಲು ಊರಿದ. ಬಲಗಾಲು ತಾನಾಗಿಯೇ ಮುಂದಕ್ಕೆ ಹೊರಟಿತು. ಅದನ್ನು ತಡೆದು, ಕಂಬ ಹಿಡಿದುಕೊಂಡು ಹಿಂದಕ್ಕೆ ಎತ್ತಿದ. ಅಷ್ಟು ಎತ್ತರ ಬೇಕಿರಲಿಲ್ಲ. ಹಿಂದೆ ಕೂತವರ ತಲೆಗೆ ತಾಗಬಾರದು ಎನ್ನುವ ಹಾಗೆ ಕಾಲು ಬರಿಯ ಚಕ್ರದ ಮೇಲೆ ಎತ್ತರಕ್ಕೆ ಹೋಗಿ, ಮೆಲ್ಲಗೆ ಸುತ್ತಿ ಬಂದು, ನೆಲ ಮುಟ್ಟಿತು.