ಹೋತಪ್ಪನ ಗಂಟಲು

ಚಳ್ಳಕೆರೆಯ ಖಾಸಗಿ ಬಸ್ ನಿಲ್ದಾಣದಲ್ಲಿ ಪಾಲಾಕ್ಷ ಕೂಗಿದನೆಂದರೆ ಎದುರಿನ ಹೋಟೆಲಿನಲ್ಲಿ ಇಡ್ಲಿ ಮುರಿಯುತ್ತಿದ್ದವನೂ ಅರ್ಧಕ್ಕೇ ಕೈ ತೊಳೆದು ಓಡಿಬರುತ್ತಿದ್ದ. ಪಾಲಾಕ್ಷ ಬಸ್ಸಿನ ಮಾಲೀಕನಲ್ಲ, ಡ್ರೈವರೂ ಅಲ್ಲ. ಜನರನ್ನು ಕೂಗಿ ಹತ್ತಿಸುವ ಏಜೆಂಟ್. "ಪರಶ್ರಾಂಪ್ರ, ಪರಶ್ರಾಂಪ್ರ, ಯಾರ್ರೀ ಪರಶ್ರಾಂಪ್ರ!" ಎಂದು ಅವನು ಎಳೆದಾಗ ಕೊನೆಯ ಅಕ್ಷರ ಮೇಲಕ್ಕೆ ಹೋಗಿ, ಅಲ್ಲೊಂದು ಗಳಿಗೆ ನಿಂತು, ಧೊಪ್ಪನೆ ಕೆಳಗೆ ಬೀಳುತ್ತಿತ್ತು. ಕೆಲಸವಿಲ್ಲದವರಿಗೂ ಪರಶುರಾಂಪುರಕ್ಕೆ ಒಮ್ಮೆ ಹೋಗಿಬರೋಣ ಅನ್ನಿಸುತ್ತಿತ್ತು.

ಆ ದನಿಯೇ ಅವನನ್ನು ಟೀವಿಗೂ ಹತ್ತಿಸಿತು. ಜ್ಯೋತಿಲಕ್ಷ್ಮಿ ಎಂಬ ಊರಿನ ಹುಡುಗಿ ಚಿತ್ರ ಬರೆಯುವುದನ್ನು ಕಲಿತು ಬಂದು, ಕಡಲೆಕಾಯಿ ಎಣ್ಣೆ ಮಿಲ್ಲೊಂದರ ಮೇಲಿನ ಮಹಡಿ ಹಿಡಿದು, ಕಂಪ್ಯೂಟರಿನಲ್ಲಿ ಗೊಂಬೆಗಳನ್ನು ಬರೆದು ಓಡಾಡಿಸುತ್ತಿದ್ದಳು. ಒಂದು ದಿನ ಬಸ್ಸಿಗೆ ಕಾಯುತ್ತ ನಿಂತವಳು ಪಾಲಾಕ್ಷನ ಕೂಗು ಕೇಳಿ, ಬಸ್ ಬಿಟ್ಟು ಅವನನ್ನು ಹಿಡಿದಳು. ಹಾಗೆ ಹುಟ್ಟಿದ್ದು 'ರೈಟ್ ರೈಟ್ ಹೋತಪ್ಪ'. ಭಾನುವಾರ ಬೆಳಿಗ್ಗೆ ಮಕ್ಕಳ ಚಾನೆಲ್ಲಿನಲ್ಲಿ ಬರುವ ನಗೆ ಧಾರಾವಾಹಿ. ಹೋತಪ್ಪ ಎಂದರೆ ಗಡ್ಡದ ಹೋತ. ಖಾಕಿ ಅಂಗಿ, ಕೊರಳಲ್ಲಿ ಸೀಟಿ, ಕಂಡಕ್ಟರ್ ಕೆಲಸ. ಅವನ ಬಸ್ಸಿನ ತುಂಬ ಕುರಿ, ಕೋಳಿ, ಎಮ್ಮೆ. ಕಂತಿಗೊಂದು ಜಗಳ. ಜಗಳದಲ್ಲಿ ಎಲ್ಲರಿಗಿಂತ ಮುಂದೆ ರಂಗಿ ಎಂಬ ಹೇಂಟೆ. ಅದಕ್ಕೆ ದನಿ ಕೊಡುವವಳು ಮೊಳಕಾಲ್ಮುರಿನ ಪೆದ್ದಮ್ಮ. ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ, ಬಾಯಲ್ಲಿ ತೆಲುಗು ಕನ್ನಡ ಎರಡೂ ಕಲಸಿದ ಮಾತು.

ಮಿಲ್ಲು ತಿರುಗುವಾಗ ಮಹಡಿಯ ನೆಲವೇ ನಡುಗುತ್ತಿತ್ತು. ಹಾಗಾಗಿ ದನಿ ತೆಗೆಯುವುದೆಲ್ಲ ಮಧ್ಯಾಹ್ನ ಮಿಲ್ಲಿನವರು ಊಟಕ್ಕೆ ಬಿಟ್ಟಾಗ. ಹೋತಪ್ಪ ರಂಗಿಯರು ಹಸಿದ ಹೊಟ್ಟೆಯಲ್ಲಿ ಜಗಳವಾಡಿದ್ದರಿಂದಲೇ ಜಗಳ ಅಷ್ಟು ರುಚಿಯಾಗಿ ಬಂತೆಂದು ಪೆದ್ದಮ್ಮ ಹೇಳುತ್ತಿದ್ದಳು.

ಹೀಗಿರುವಾಗ ಪಾಲಾಕ್ಷನ ಗಂಟಲಲ್ಲಿ ಗಂಟು ಕಾಣಿಸಿತು. ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಜೀವಕ್ಕೆ ಭಯವಿಲ್ಲ, ಆದರೆ ಕೂಗು ಉಳಿಯುವುದಿಲ್ಲ, ಪಿಸುಮಾತು ಉಳಿಯುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೇ ಆಯಿತು. ನಿಲ್ದಾಣದಲ್ಲಿ ಈಗ ಮೈಕು ಕೂಗುತ್ತದೆ. ಪಾಲಾಕ್ಷ ಕಟ್ಟೆಯ ಮೇಲೆ ಕೂತು ಬಸ್ಸುಗಳ ಲೆಕ್ಕ ನೋಡಿಕೊಳ್ಳುತ್ತಾನೆ. ದನಿ ಹೋದವನಿಗೆ ಕಿವಿಯೂ ಹೋಗಿರುತ್ತದೆ ಎಂದು ಜನ ಹೇಗೋ ತಿಳಿದುಕೊಂಡುಬಿಡುತ್ತಾರೆ. ಎಲ್ಲರೂ ಅವನ ಮುಖದ ಹತ್ತಿರ ಬಂದು, "ಊಟ ಆಯ್ತಾ ಪಾಲಾಕ್ಷಣ್ಣಾ?" ಎಂದು ಕಿರುಚುತ್ತಿದ್ದರು. ಅವನು ತಲೆಯಾಡಿಸುತ್ತಿದ್ದ.

ಮೊದಲೇ ತೆಗೆದಿಟ್ಟಿದ್ದ ಕಂತುಗಳು ಇನ್ನೂ ಟೀವಿಯಲ್ಲಿ ಬರುತ್ತಿದ್ದವು. ಅವು ಮುಗಿಯುವ ಹೊತ್ತಿಗೆ ಜ್ಯೋತಿಲಕ್ಷ್ಮಿ ಅವನನ್ನು ಮಹಡಿಗೆ ಕರೆಸಿ ಗೋಡೆಯ ತುಂಬ ಅಂಟಿಸಿದ್ದ ಚಿತ್ರಗಳನ್ನು ತೋರಿಸಿದಳು.

"ಅಣ್ಣಾ, ಚಾನೆಲ್ಲಿನೋರು ಹೊಸ ಕಂತು ಕೇಳವ್ರೆ. ನೋಡಿಲ್ಲಿ, ಹೋತಪ್ಪನ ಹಳೇ ಬಸ್ ಗುಜರಿಗೆ ಹೋಗುತ್ತೆ, ಬ್ಯಾಟರಿ ಬಸ್ ಬರುತ್ತೆ. ಒಂಚೂರೂ ಸದ್ದಿಲ್ಲ. ರಂಗಿ ಮರಿ ಮಾಡ್ತಾಳೆ. ಇದು ಉಳ್ಳಾರ್ತಿ ಕಾವಲು, ದನ ಮೇಯೋ ಬಯಲು. ಬಸ್ ಹೋಗ್ತಾ ಇರುವಾಗ ಮೇಲೆ ಡ್ರೈವರಿಲ್ಲದ ವಿಮಾನ ಬರುತ್ತೆ. ಹೋತಪ್ಪ ಅದನ್ನ ಇನ್ನೊಂದು ಕಂಪನಿ ಬಸ್ಸು, ನಮ್ಮ ರೂಟಿಗೆ ಬಂದೈತೆ ಅಂತ ಬೆನ್ನು ಹತ್ತುತಾನೆ."

ಪಾಲಾಕ್ಷ ಗೋಡೆಗೆ ಮುಖ ತಾಗುವಷ್ಟು ಹತ್ತಿರ ನಿಂತು ನೋಡಿದ. ಅವನು ನೂರು ಸಲ ಕಂಡಿದ್ದ ಕಾವಲಿನ ಹುಲ್ಲು ಅದು. ಆದರೆ ಈ ಹುಡುಗಿ ಬರೆದ ಹುಲ್ಲಿನ ಮೇಲೆ ಗಾಳಿ ನಡೆದುಹೋದ ದಾರಿ ಕಾಣುತ್ತಿತ್ತು. ಹುಲ್ಲಿನಾಚೆ ಅಮೃತಮಹಲ್ ಹೋರಿಯೊಂದು ಕೊಂಬೆತ್ತಿ ವಿಮಾನವನ್ನು ದಿಟ್ಟಿಸುತ್ತಿತ್ತು. ಅದರ ಕಣ್ಣಿನಲ್ಲಿ ವಿಮಾನ ಜೋಳದ ಕಾಳಿನಷ್ಟಾಗಿ ಕೂತಿತ್ತು. ಇಷ್ಟೂ ಈ ಎಣ್ಣೆ ವಾಸನೆಯ ಕೋಣೆಯಲ್ಲಿ ಹುಟ್ಟಿದ್ದೇ ಎಂದು ಅವನು ಬೆರಗಾಗಿ ನಿಂತುಬಿಟ್ಟ.

"ಇದಕ್ಕೆಲ್ಲ ಹೋತಪ್ಪನ ದನಿ?" ಎಂದು ಪಿಸುಗುಟ್ಟಿದ.

ಧ್ವನಿ ಕೆಲಸ ಮಾಡುವ ಸಾಯಿಕುಮಾರ್ ಉತ್ತರವಾಗಿ ಕಂಪ್ಯೂಟರಿನ ಕೀಲಿಯೊಂದನ್ನು ಒತ್ತಿದ. ಪಾಲಾಕ್ಷನ ಹಳೆಯ ಮಾತುಗಳನ್ನೆಲ್ಲ ಯಂತ್ರಕ್ಕೆ ಉಣಿಸಿ ಕಲಿಸಿದ್ದನಂತೆ. ಯಂತ್ರ ಬಾಯಿ ಬಿಟ್ಟಿತು, ಪಾಲಾಕ್ಷನದೇ ದನಿ! ಆದರೆ ರಂಗಿ ಎಷ್ಟು ಬೈದರೂ ಅದು ಬ್ಯಾಂಕಿನಿಂದ ಬರುವ ಫೋನಿನ ಹಾಗೆ ಒಂದೇ ಸಮನೆ, ತಣ್ಣಗೆ ಉತ್ತರ ಕೊಡುತ್ತಿತ್ತು.

"ಇದಕ್ಕೆ ಸಿಟ್ಟೇ ಬರಲ್ಲಣ್ಣಾ," ಎಂದ ಸಾಯಿಕುಮಾರ್. "ಸಿಟ್ಟು ಬರದ ಕಂಡಕ್ಟರ್ ಇಟ್ಕಂಡು ಏನ್ ಮಾಡಾದು?"

"ಈ ಶನಿವಾರದೊಳಗೆ ದನಿ ಕೊಡದಿದ್ರೆ ಚಾನೆಲ್ಲಿನೋರೇ ಅವರ ಕಡೆಯೋರನ್ನ ಹಾಕ್ತಾರಂತೆ," ಎಂದಳು ಜ್ಯೋತಿಲಕ್ಷ್ಮಿ. ಅವರು ಕಳಿಸಿದ್ದ ಮಾದರಿಯನ್ನೂ ಕೇಳಿಸಿದಳು. ಗಂಭೀರವಾದ, ತಿದ್ದಿ ತೀಡಿದ ದನಿ. "ಪ್ರಯಾಣಿಕರೇ, ದಯವಿಟ್ಟು ಚಿಲ್ಲರೆ ನೀಡಿರಿ," ಎಂದು ಹೋತಪ್ಪ ಕೈಮುಗಿದು ಕೇಳುವ ಹಾಗಿತ್ತು. ಚಿಲ್ಲರೆಯನ್ನು ಹಾಗೆ ಕೇಳಿದರೆ ಈ ಸೀಮೆಯಲ್ಲಿ ಯಾರಾದರೂ ಕೊಟ್ಟಾರೆಯೇ?

ಪಾಲಾಕ್ಷನಿಗೆ ಬೇರೊಬ್ಬನ ಮೇಲೆ ಹೊಟ್ಟೆಕಿಚ್ಚಿರಲಿಲ್ಲ. ತನ್ನ ಕೂಗು ನಿಲ್ದಾಣದಿಂದ ಹೋದದ್ದನ್ನು ಅವನು ಹೇಗೋ ನುಂಗಿಕೊಂಡಿದ್ದ. ಆದರೆ ಹೋತಪ್ಪನೊಳಗೆ ಅದು ಬದುಕಿದೆ ಎಂಬ ಒಂದು ಧೈರ್ಯವಿತ್ತು. ಈಗ ಅಲ್ಲಿಂದಲೂ ಹೋದರೆ, ತಾನು ಕೂಗಿದ್ದೇ ಸುಳ್ಳು ಎನ್ನುವ ಹಾಗಾಗುತ್ತದೆ ಎಂದು ಅವನಿಗೆ ಅನ್ನಿಸಿತು.

ಶುಕ್ರವಾರ ಪೆದ್ದಮ್ಮ ಮೊಳಕಾಲ್ಮುರಿನಿಂದ ಬಂದಳು. ರಂಗಿಯ ಮಾತನ್ನಾದರೂ ತೆಗೆದಿಡೋಣವೆಂದು ಜ್ಯೋತಿಲಕ್ಷ್ಮಿ ಕರೆಸಿದ್ದಳು. ಮನೆಯಲ್ಲಿ ಕೂರಲಾರದೆ ಪಾಲಾಕ್ಷನೂ ಬಂದು ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಮಿಲ್ಲು ನಿಂತಿತು. ಹೋತಪ್ಪನ ಮಾತನ್ನು ಸಾಯಿಕುಮಾರ್ ಓದಿದ. ಪೆದ್ದಮ್ಮ ನಾಲ್ಕು ಮಾತಿಗೇ ಕೈಯಲ್ಲಿದ್ದ ಹಾಳೆ ಮಡಚಿದಳು.

"ಏಂದಪ್ಪಾ ಇದು? ನಿನ್ ಜೊತೆ ಜಗಳ ಆಡಾದೂ ಒಂದೇ, ಗೋಡೆ ಜೊತೆ ಆಡಾದೂ ಒಂದೇ. ಬೈದ್ರೆ ಸಾರಿ ಅಂಬಂಗೆ ಮೊಕ ಮಾಡ್ತೀಯಲ್ಲೋ!"

ಹೇಳಿದವಳೇ ಹಳೆಯ ರೂಢಿಯಲ್ಲಿ ಪಾಲಾಕ್ಷನ ಕಡೆ ತಿರುಗಿ, ಸೊಂಟಕ್ಕೆ ಕೈ ಕೊಟ್ಟು, ರಂಗಿಯ ಮಾತನ್ನು ಅವನ ಮುಖಕ್ಕೇ ಎಸೆದಳು: "ಏನಯ್ಯಾ ಕಂಡಕ್ಟ್ರೂ, ಬುಟ್ಟಿಯಾಗಿರೋ ಮೊಟ್ಟೆಗೂ ಅರ್ಧ ಟಿಕೆಟ್ ಅಂತೀಯಲ್ಲ, ನಿಂಗೆ ನ್ಯಾಯ ಐತಾ?"

ಪಾಲಾಕ್ಷ ತನಗೆ ತಿಳಿಯದೆಯೇ ಎದ್ದುನಿಂತು ಬಾಯಿ ತೆರೆದ.

"ಅರ್ಧ ಯಾಕಮ್ಮಾ? ಇಲ್ಲಿ ಮೊಟ್ಟೆಯಾಗಿ ಹತ್ತಿ ಪರಶ್ರಾಂಪ್ರದಾಗೆ ಹುಂಜ ಆಗಿ ಇಳಿದ್ರೆ ಯಾರು ಕೊಡ್ತಾರೆ? ತೆಗಿ ಫುಲ್ ಟಿಕೆಟ್ಟು!"

ಪಾಲಾಕ್ಷನ ಕೈ ಗಂಟಲಿಗೆ ಹೋಯಿತು. ಬಂತು! ತನ್ನ ದನಿ, ತನ್ನದೇ ಏರು, ಕೊನೆಗೆ ಧೊಪ್ಪನೆ ಬೀಳುವ ತನ್ನದೇ ಇಳುಕಲು. ಆದರೆ ಬೆರಳಿನಡಿ ಗಂಟಲು ಕಂಪಿಸಿರಲಿಲ್ಲ. ತೆರೆದ ಬಾಯಿ ತೆರೆದಂತೆಯೇ ಇತ್ತು. ಅವನು ನಿಧಾನವಾಗಿ ತಿರುಗಿ ನೋಡಿದ.

ಬಾಗಿಲಲ್ಲಿ ಬುತ್ತಿ ಹಿಡಿದು ಅವನ ಹೆಂಡತಿ ಗೀತಮ್ಮ ನಿಂತಿದ್ದಳು. ನಾಲಿಗೆ ಕಚ್ಚಿಕೊಂಡಿದ್ದಳು.

"ಅಯ್ಯೋ ನನ್ ಬಾಯಿಗಿಷ್ಟು," ಎಂದಳು ತನ್ನ ದನಿಯಲ್ಲಿ. "ತಪ್ಪಿ ಬಂದ್ಬಿಡ್ತು ಕಣ್ರೀ."

"ತಪ್ಪಿ ಬಂತಾ!" ಜ್ಯೋತಿಲಕ್ಷ್ಮಿ ಎದ್ದೇಬಿಟ್ಟಳು. "ಅಕ್ಕಾ, ಇದನ್ನ ಯಾವಾಗ ಕಲ್ತ್ರಿ?"

"ಕಲಿಯೋದೇನು ಬಂತು? ಇವ್ರು ಲೇಟಾಗಿ ಬಂದಾಗೆಲ್ಲ ಪಕ್ಕದ್ಮನೆ ನಾಗಕ್ಕನ ಮುಂದೆ ಆಡ್ಕಂತಿದ್ದೆ. 'ಸಾರು ಯಾಕೆ ತಣ್ಣಗೈತೆ, ಚೊಂಬು ಯಾಕೆ ಇಲ್ಲೈತೆ' ಅಂತ. ಓಣಿಗೆಲ್ಲ ಗೊತ್ತು. ಇವ್ರಿಗೊಬ್ರಿಗೆ ಗೊತ್ತಿಲ್ಲ."

ಪಾಲಾಕ್ಷ ಅವಳನ್ನೇ ನೋಡುತ್ತಿದ್ದ. ಮದುವೆಯಾಗಿ ಮಕ್ಕಳ ಮದುವೆಯೂ ಮುಗಿದಿತ್ತು. ಈ ಹೆಂಗಸಿನ ಬಾಯೊಳಗೆ ತಾನು ಇಡಿಯಾಗಿ ಕೂತಿದ್ದೇನೆ ಎಂಬುದು ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ತನ್ನ ಮಾತನ್ನು ಇವಳು ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದಲ್ಲವೇ ಅವನು ಇಷ್ಟು ವರ್ಷ ಗೊಣಗಿದ್ದು?

ಸಾಯಿಕುಮಾರ್ ಆಗಲೇ ಗೀತಮ್ಮನನ್ನು ಮೈಕಿನ ಮುಂದೆ ಎಳೆದು ನಿಲ್ಲಿಸಿದ್ದ. "ಅಕ್ಕಾ, ಸುಮ್ನೆ ಒಂದು ಮಾತು. ಯಾರ ದನಿ ಅಂತ ಹೆಸರು ಹೇಳಿ."

"ನಮ್ಮನೆಯವ್ರದ್ದು."

"ಹೆಸರು ಅಕ್ಕಾ."

"ಅದೇ ಹೇಳಿದ್ನಲ್ಲಪ್ಪ, ನಮ್ಮನೆಯವ್ರದ್ದು ಅಂತ."

ಪೆದ್ದಮ್ಮ ಗಹಗಹಿಸಿದಳು. "ಸೂಡಂಡಿ, ನೋಡ್ರಪ್ಪಾ! ಗಂಡನ ಪೇರು ಮಾತ್ರ ಹೇಳಲ್ಲ, ಗಂಡನ ಗಂಟಲು ಪೂರಾ ಎತ್ಕಂಡವಳೆ!"

ಎಲ್ಲರೂ ನಕ್ಕರು. ಗೀತಮ್ಮ ನಗಲಿಲ್ಲ. ಮೈಕಿನಿಂದ ಹಿಂದೆ ಸರಿದು ಸೆರಗು ಸರಿಮಾಡಿಕೊಂಡಳು.

"ಬ್ಯಾಡ ಜ್ಯೋತಿ. ಇವ್ರು ಕೂಗ್ತಿದ್ದಾಗ ಆಡ್ಕಂಡಿದ್ದು ಬೇರೆ. ಈಗ ಇವ್ರು ಮೂಗನಂಗೆ ಕೂತಿರುವಾಗ ಇವ್ರ ಎದುರಿಗೇ ಇವ್ರಂಗೆ ಮಾತಾಡಿದ್ರೆ ಏನರ್ಥ? ಗಾಯದ ಮೇಲೆ ಆಡ್ಕಂಡಂಗೆ ಆಗುತ್ತೆ. ನನ್ ಕೈಲಾಗಲ್ಲ."

ಯಾರೂ ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡುವಂಥ ಮಾತೂ ಅದಾಗಿರಲಿಲ್ಲ. ಎಲ್ಲರ ಕಣ್ಣೂ ಪಾಲಾಕ್ಷನ ಮೇಲೆ ಬಿತ್ತು. ಅವನು ಕೋಣೆ ದಾಟಿ ಬಂದು, ಹೆಂಡತಿಯ ಕೈಯಿಂದ ಬುತ್ತಿ ತೆಗೆದುಕೊಂಡು ಕೆಳಗಿಟ್ಟ. ಅವಳ ಕಿವಿಯ ಹತ್ತಿರ ಬಾಗಿದ. ಉಳಿದವರಿಗೆ ಕೇಳಿಸಿದ್ದು ಬರೀ ಉಸಿರು.

"ಆಡ್ಕ," ಎಂದ ಅವನು. "ನಿನ್ನ ಬಿಟ್ರೆ ಯಾರಿಗೂ ನನ್ನ ಆಡ್ಕಳಾಕೆ ಬರಲ್ಲ. ಚೆನ್ನಾಗಿ ಆಡ್ಕ. ನಾನೂ ಕೇಳ್ತೀನಿ."

ಗೀತಮ್ಮ ಅವನ ಮುಖವನ್ನು ಅಳೆಯುವ ಹಾಗೆ ನೋಡಿದಳು. ಅದರಲ್ಲಿ ಮುಚ್ಚಿಟ್ಟದ್ದೇನೂ ಕಾಣಲಿಲ್ಲ. ಮತ್ತೆ ಮೈಕಿನ ಮುಂದೆ ಹೋಗಿ ನಿಂತಳು.

ಪರದೆಯ ಮೇಲೆ ಬ್ಯಾಟರಿ ಬಸ್ಸು ಕಾವಲಿನ ಹುಲ್ಲಿನ ನಡುವೆ ಸದ್ದಿಲ್ಲದೆ ಜಾರತೊಡಗಿತು. ಗೀತಮ್ಮ ಒಂದು ಕಾಲ ಮೇಲೆ ಭಾರ ಹಾಕಿದಳು. ಕತ್ತನ್ನು ಎಡಕ್ಕೆ ವಾಲಿಸಿದಳು. ಒಂದು ಅಂಗೈಯನ್ನು ಬಾಯಿಯ ಪಕ್ಕ ಮರೆ ಮಾಡಿದಳು. ತಾನು ಕೂಗುವಾಗ ಹೇಗೆ ನಿಲ್ಲುತ್ತಿದ್ದೆನೆಂದು ಪಾಲಾಕ್ಷ ಎಂದೂ ಕಂಡವನಲ್ಲ. ಈಗ ಕಂಡ. ಅರಿಶಿನ ಬಣ್ಣದ ಸೀರೆಯುಟ್ಟು, ಕೈತುಂಬ ಬಳೆ ತೊಟ್ಟು, ತಾನೇ ಅಲ್ಲಿ ನಿಂತಿದ್ದ.

ಹೋತಪ್ಪ ವಿಮಾನವನ್ನು ಕಂಡು ರೇಗಿದ. "ಏ ಯಾವನ್ಲೇ ಅದು ನಮ್ಮ ರೂಟಾಗೆ! ಪರ್ಮಿಟ್ ಐತಾ? ಇಳಿಸಲೇ ಕೆಳಗೆ!" ರಂಗಿ ರೆಕ್ಕೆ ಬಡಿದು ಎದುರಾದಳು. ಎರಡು ದನಿಗಳೂ ಒಂದರ ಮೇಲೊಂದು ಹತ್ತಿ, ಇಳಿದು, ಗುದ್ದಾಡಿದವು. ಜ್ಯೋತಿಲಕ್ಷ್ಮಿಯ ಕಣ್ಣು ತುಂಬಿತ್ತು. ಆದರೂ ಬಾಯಿ ಕಿವಿಯವರೆಗೆ ನಗುತ್ತಿತ್ತು. ಬರೆದ ಮಾತು ಮುಗಿದರೂ ಪೆದ್ದಮ್ಮನಿಗೆ ಜಗಳ ಸಾಕಾಗಲಿಲ್ಲ. ಹಾಳೆಯಲ್ಲಿಲ್ಲದ ಮಾತೊಂದನ್ನು ತಾನೇ ಹೆಣೆದು ಕೇಳಿದಳು:

"ಬಸ್ಸೇ ಸುಮ್ನಾಗೈತೆ. ಇನ್ಮೇಲೆ ನೀನು ಯಾತಕ್ಕಯ್ಯಾ ಕೂಗ್ತೀಯಾ?"

ಪ್ರಶ್ನೆ ಪಾಲಾಕ್ಷನ ಎದೆಗೇ ಬಂದು ತಾಗಿತು. ಒಂದು ಉತ್ತರ ಒಳಗೆ ಎದ್ದು, ಗಂಟಲಿನವರೆಗೆ ಬಂದು, ಅಲ್ಲಿಂದ ಮುಂದೆ ದಾರಿಯಿಲ್ಲದೆ ನಿಂತಿತು. ಅಷ್ಟರಲ್ಲಿ ಅದೇ ಉತ್ತರ, ಅಕ್ಷರ ಬಿಡದೆ, ಎದುರಿನಿಂದ ಹೊರಬಂತು.

"ಬಸ್ ಸುಮ್ನಾದ್ರೆ ನಿನ್ ಬಾಯಿ ಸುಮ್ನಾಗುತ್ತಾ ತಾಯೀ? ನಿನ್ ಸದ್ದಿನ ಮೇಲೆ ಊರಿನ ಹೆಸರು ಕೇಳಿಸ್ಬೇಕಲ್ಲ, ಅದಕ್ಕೆ!"

ಪಾಲಾಕ್ಷನಿಗೆ ತಡೆಯಲಾಗದ ನಗು ಬಂತು. ಹೆಗಲು ಕುಲುಕಿತು, ಹೊಟ್ಟೆ ಅದುರಿತು, ಕಣ್ಣಲ್ಲಿ ನೀರಾಡಿತು. ಸದ್ದು ಮಾತ್ರ ಇಲ್ಲ. ಗೀತಮ್ಮ ಮೈಕು ಬಿಡದೆ ಕಣ್ಣಂಚಿನಲ್ಲೇ ಅವನನ್ನು ಕಂಡಳು. ಅವನ ಹೆಗಲು ಕುಲುಕಿದ ಲಯಕ್ಕೇ, ಅವನ ಹೊಟ್ಟೆ ಅದುರಿದಷ್ಟಕ್ಕೇ, ಅವಳ ಬಾಯಿಂದ ಪಾಲಾಕ್ಷನ ನಗು ಉಕ್ಕಿ ಬಂತು. ಗೊಗ್ಗರು ಗೊಗ್ಗರಾಗಿ, ಕೊನೆಗೆ ಬಿಕ್ಕಳಿಕೆಯ ಹಾಗೆ ಸಿಕ್ಕಿಕೊಳ್ಳುವ ಅದೇ ನಗು. ಅವನು ಇನ್ನಷ್ಟು ನಕ್ಕ. ಅವಳ ಬಾಯಲ್ಲಿ ಅದು ಇನ್ನಷ್ಟು ಕೇಳಿಸಿತು.

ಪರದೆಯ ಮೇಲೆ ಗಡ್ಡ ಅಲ್ಲಾಡಿಸುತ್ತಿದ್ದ ಹೋತಪ್ಪನೇ ನಗುತ್ತಿರುವ ಹಾಗಿತ್ತು. ಕೆಳಗೆ ಮಿಲ್ಲು ಗುಡುಗುಟ್ಟಿ ತಿರುಗತೊಡಗಿದ ಮೇಲೂ ರೆಕಾರ್ಡಿಂಗ್ ನಿಲ್ಲಿಸಬೇಕೆಂಬುದು ಸಾಯಿಕುಮಾರನಿಗೆ ನೆನಪಾಗಲಿಲ್ಲ.