ಭೈರೇಶ್ ಸೋಸಿಕೊಟ್ಟ ನೀರು

ನಿನ್ನೆ ಸಂಜೆಯಿಂದ ಮನೆಯಲ್ಲಿ ತಲೆ ಎತ್ತಿ ಓಡಾಡಲು ನನಗೆ ಆಗುತ್ತಿಲ್ಲ. ನನ್ನ ಬಾಯಿಗೆ ಬೆಂಕಿ ಬೀಳಲಿ.

ಬೆಂಗಳೂರಿನ ಲಗ್ಗೆರೆಯ ನಮ್ಮ ಬೀದಿಯ ಬೋರ್‌ವೆಲ್‌ನಲ್ಲಿ ಬರುವುದು ಕೆಂಪು ನೀರು. ಹಿಂದಿನ ಬೀದಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಶೆಡ್‌ಗಳಿವೆಯಲ್ಲ, ಅವರ ಕೃಪೆ. ಕಾವೇರಿ ನೀರು ಕುಡಿಯಲು ಸಾಕಾದರೆ ಹೆಚ್ಚು. ತೊಳೆಯಲು ಬಳಿಯಲು ಇದೇ ಗತಿ. ನನ್ನ ಅತ್ತೆ ಹಾಲವ್ವ ರಾಣೆಬೆನ್ನೂರು ಕಡೆಯವರು, ಲಿಂಗಪೂಜೆ ಆಗದೆ ತುತ್ತು ಮುಟ್ಟುವವರಲ್ಲ. ಪೂಜೆಯ ಬಿಳಿ ಸೀರೆ ಗುಲಾಬಿ ಬಣ್ಣಕ್ಕೆ ತಿರುಗಿದ ದಿನ ಅತ್ತೇಬಿಟ್ಟಿದ್ದರು.

ಮಹಡಿಯ ರೂಮಿನ ಬಾಡಿಗೆ ಹುಡುಗ ಭೈರೇಶ್ ಅದನ್ನು ನೋಡಿದ. ಮಾಗಡಿ ಕಡೆಯವನು, ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ಒಂದು ಭಾನುವಾರ ಪ್ಲಾಸ್ಟಿಕ್ ಪೈಪಿನೊಳಗೆ ಮೆಂತ್ಯದ ಕಾಳಿನಷ್ಟು ದಪ್ಪದ ಕರಿ ಗುಂಡುಗಳನ್ನು ತುಂಬಿ ನಮ್ಮ ನಲ್ಲಿಗೆ ಜೋಡಿಸಿದ.

“ಕಾರ್ಬನ್ ನ್ಯಾನೋಟ್ಯೂಬ್ ಆಂಟಿ. ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ ಕೊಳವೆಗಳು, ಬಣ್ಣ ಹೋಗಿ ಅದಕ್ಕೆ ಅಂಟ್ಕೊಳ್ಳುತ್ತೆ. ಪುಡಿ ನೀರಲ್ಲಿ ಕೊಚ್ಚಿ ಹೋಗಬಾರ್ದು ಅಂತ ಒಂದು ಅಂಟಿನ ಜೊತೆ ಸೇರ್ಸಿ ಗುಂಡು ಮಾಡಿದೀನಿ. ಕುಡಿಯೋಕೆ ಮಾತ್ರ ಬೇಡ, ಟೆಸ್ಟ್ ಇನ್ನೂ ಮುಗಿದಿಲ್ಲ.”

ಕೆಂಪು ನೀರು ಒಳಗೆ ಹೋಗಿ ತಿಳಿಯಾಗಿ ಹೊರಬಂತು. ಅತ್ತೆಯ ಸೀರೆ ಬೆಳ್ಳಗಾಯಿತು, ಪೂಜೆಯ ತಂಬಿಗೆ ಫಳಫಳ ಎಂದಿತು. ನಾನು ಸುಮ್ಮನಿರುವವಳೇ? ನಮ್ಮ ಹುಡುಗ, ನಮ್ಮ ಹುಡುಗ ಎಂದು ಬೀದಿಯೆಲ್ಲ ಡಂಗುರ ಸಾರಿದೆ. ನಿನ್ನೆ ಅಕ್ಕಪಕ್ಕದ ಹೆಂಗಸರನ್ನೆಲ್ಲ ಕರೆದು ನಲ್ಲಿಯ ಮುಂದೆ ನಿಲ್ಲಿಸಿದೆ. ಭೈರೇಶ್ ಅವರಿಗೂ ಕೊಳವೆ, ಅಂಟು, ಗುಂಡು ಎಲ್ಲ ವಿವರಿಸಿದ.

ಎದುರುಮನೆಯ ವಿಮಲಮ್ಮ ಕೇಳಿದರು: “ಅಂಟು ಅಂದ್ಯಲ್ಲಪ್ಪಾ, ಯಾವ ಅಂಟು?”

ಅವನು ಒಮ್ಮೆ ಅತ್ತೆಯ ಕಡೆ ನೋಡಿದ. “ಸಿಗಡಿ ಚಿಪ್ಪಿಂದ ತೆಗೆಯೋದು ಅಮ್ಮಾ.”

ವಿಮಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಅಯ್ಯೋ ನೀಲಾಂಬಿಕಾ! ಲಿಂಗಪೂಜೆ ತಂಬಿಗೇನ ಸಿಗಡಿ ನೀರಲ್ಲಿ ತೊಳೀತಿದ್ರಾ?” ಹಿಂದೆ ಯಾರೋ ಕಿಸಕ್ಕೆಂದರು.

ಆ ಕಿಸಕ್ಕೇ ನನ್ನನ್ನು ಕೆಡಿಸಿದ್ದು. ಪೈಪನ್ನು ಕಿತ್ತು ಅಂಗಳಕ್ಕೆ ಎಸೆದೆ. “ಮಾಂಸ ತಿನ್ನೋ ಮಂದಿ ಬುದ್ಧಿ ತೋರಿಸಿಬಿಟ್ಟೆಲ್ಲೋ! ಮುಂಜಾನೆ ಅನ್ನೋದ್ರಾಗ ರೂಮು ಖಾಲಿ ಆಗಬೇಕು,” ಎಂದೆ. ಅಷ್ಟು ಜನರ ಮುಂದೆ ಅಂದುಬಿಟ್ಟೆ. ಅವನು ಚೆಲ್ಲಿದ ಗುಂಡುಗಳನ್ನು ಒಂದೊಂದಾಗಿ ಆರಿಸಿಕೊಂಡು, “ಸರಿ ಆಂಟಿ,” ಎಂದಷ್ಟೇ ಹೇಳಿ ಮೇಲೆ ಹೋದ.

ಹೆಂಗಸರು ಹೋದ ಮೇಲೆ ಅತ್ತೆಯ ಹತ್ತಿರ ಕೂತು ಕಣ್ಣೀರು ಹಾಕಿದೆ. “ನಿಮ್ಮ ಪೂಜಿ ಕೆಡಿಸಿದನಲ್ರೀ ಅತ್ತಿ.”

“ಏನೂ ಕೆಟ್ಟಿಲ್ಲ. ಪೈಪ್ ಹಾಕೋಕಿಂತ ಮೊದಲೇ ನನಗ ಹೇಳಿದ್ದ. ಅಜ್ಜಿ ಬ್ಯಾಡ ಅಂದ್ರ ಹಾಕೂದಿಲ್ಲ ಅಂದ. ನಮ್ಮೂರ ಕೆರಿಯಾಗ ಮೀನ ಇರಲಿಲ್ಲೇನು? ಅದ ನೀರಾಗ ಪೂಜಿ ಮಾಡಿ ಬೆಳದಾಕಿ ನಾನು. ಹಾಕೋ ತಮ್ಮಾ ಅಂದೆ.”

“ಮತ್ತ ನನಗ್ಯಾಕ ಹೇಳಲಿಲ್ಲ?”

“ಹೇಳತೀನಿ ಅಂದ. ನಾನ ಬ್ಯಾಡ ಅಂದೆ. ನಿನಗ ಗೊತ್ತಾದ್ರ ಅವನ್ನ ಹೊರಗ ಹಾಕ್ತಿ ಅಂತ ಅಂಜಿದ್ದೆ.”

ಆಗಲೇ ಮೇಲೆ ಹೋಗಿ ತಪ್ಪಾಯಿತು ಎನ್ನಬೇಕಿತ್ತು. ಹಾಳು ಬಿಂಕ, ಬೆಳಗಾಗಲಿ ಎಂದುಕೊಂಡೆ. ಬೆಳಗ್ಗೆ ಹೋಗಿ ನೋಡಿದರೆ ಬಾಗಿಲು ತೆರೆದಿತ್ತು, ರೂಮು ಗುಡಿಸಿತ್ತು, ಅವನಿರಲಿಲ್ಲ.

ಕೆಳಗೆ ಇಳಿದು ಬಂದೆ. ಅತ್ತೆ ನಲ್ಲಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಪೂಜೆಯ ತಂಬಿಗೆ ತೊಳೆಯುತ್ತಿದ್ದರು. ಕೈ ಮೇಲೆಲ್ಲ ಕೆಂಪು ನೀರು. ನನ್ನನ್ನು ಕಂಡವರೇ ಗಾಬರಿಯಿಂದ ನಲ್ಲಿ ನಿಲ್ಲಿಸಿದರು.

“ನೀರು ಚಲೋ ಐತಿ ಬಿಡವಾ,” ಎಂದರು. “ನಾ ಏನೂ ಅನ್ನಲಿಲ್ಲ. ನೀ ಸಿಟ್ಟಾಗಬ್ಯಾಡ.”